ಶಾಂತಮೂರ್ತಿಗಳ ಕ್ಷೋಭೆ ಪುಸ್ತಕ

ಮೈಸೂರಿನ ಯಾವ ಬಡಾವಣೆಗೆ ಬೇಕಾದರೂ ಹೋಗಿ, ಅಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಅರವತ್ತು ದಾಟಿದೆ. ಪಿಂಚಣಿ ತಿಂಗಳ ಕೊನೆಗೆ ತಪ್ಪದೆ ಬಂದು ಬೀಳುತ್ತದೆ. ಮಗ ಅಮೆರಿಕದಲ್ಲಿ, ಮಗಳು ಬೆಂಗಳೂರಿನಲ್ಲಿ. ಮನೆ ಸ್ವಂತದ್ದು, ಸಾಲ ತೀರಿದೆ, ಸಕ್ಕರೆ ಕಾಯಿಲೆ ಒಂದು ಮಾತ್ರೆಯ ಅಂಕೆಯಲ್ಲಿದೆ. ಇನ್ನು ಸಂಪಾದಿಸಲು ಉಳಿದದ್ದು ಮನಶ್ಶಾಂತಿ ಒಂದೇ. ಅದನ್ನೂ ಒಂದು ಕೈ ನೋಡಿಯೇ ಬಿಡೋಣವೆಂದು ಅವರು ಟೊಂಕ ಕಟ್ಟಿ ನಿಲ್ಲುತ್ತಾರೆ. ಅವತ್ತಿನಿಂದ ಆ ಮನೆಯವರಿಗೂ ಎಡಬಲದ ನಾಲ್ಕು ಮನೆಯವರಿಗೂ ಗ್ರಹಚಾರ ಶುರು.

ನಮ್ಮ ಬೀದಿಯಲ್ಲಿರುವ ಅಂಥವರಿಗೆ ನಾವು ಇಟ್ಟುಕೊಂಡಿರುವ ಹೆಸರು ಶಾಂತಮೂರ್ತಿ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ, ಅದು ಇಲ್ಲಿ ಬೇಡ. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು. ಆ ಕಾಲದಲ್ಲಿ ಅವರ ಕ್ಯಾಬಿನ್ನಿನಿಂದ ಎದ್ದ ಕೂಗು ಲಾಕರ್ ರೂಮಿನವರೆಗೂ ಕೇಳುತ್ತಿತ್ತಂತೆ. ಸಾಲ ಕೇಳಲು ಬಂದವರು ಹೊರಗಿನ ಬೆಂಚಿನಿಂದಲೇ ಎದ್ದು ಹೋಗುತ್ತಿದ್ದರಂತೆ. ಇದನ್ನು ನಮಗೆ ಹೇಳಿದವರು ಅವರೇ. ಹೇಳುವಾಗ ಮುಖದಲ್ಲಿ ಪಶ್ಚಾತ್ತಾಪ ಇರುತ್ತದೆ, ದನಿ ಮಾತ್ರ ಹಳೆಯ ಪದಕವನ್ನು ಒರೆಸಿ ತೋರಿಸುವವರದ್ದು.

ಶಾಂತಿ ಅವರಿಗೆ ಒಂದೇ ಏಟಿಗೆ ಸಿಕ್ಕಿದ್ದಲ್ಲ. ಮೊದಲು ಕುಕ್ಕರಹಳ್ಳಿ ಕೆರೆ ಸುತ್ತ ಬೆಳಗಿನ ನಡಿಗೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆರೆ, ಕುವೆಂಪು ಅಡ್ಡಾಡುತ್ತಿದ್ದ ದಾರಿ, ನೀರಿನ ಮಧ್ಯೆ ಮರದ ಮೇಲೆ ಕೂತ ಹೆಜ್ಜಾರ್ಲೆಗಳು. ಇಲ್ಲಿ ಸಿಗದ ಶಾಂತಿ ಇನ್ನೆಲ್ಲಿ ಸಿಕ್ಕೀತು? ಆದರೆ ಶಾಂತಮೂರ್ತಿಗಳ ಕಣ್ಣಿಗೆ ಹಕ್ಕಿ ಬೀಳಲಿಲ್ಲ, ಎದುರಿನಿಂದ ಬರುವ ಜನ ಬಿದ್ದರು. ಎಲ್ಲರೂ ಪ್ರದಕ್ಷಿಣೆಯಾಗಿ ಒಂದೇ ದಿಕ್ಕಿಗೆ ನಡೆದರೆ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ, ನಮಸ್ಕಾರದ ಗೋಜಿಲ್ಲ, ಧ್ಯಾನಕ್ಕೆ ಭಂಗವಿಲ್ಲ ಎಂದು ಅವರು ಒಂದು ಪದ್ಧತಿ ರೂಪಿಸಿದರು. ರೂಪಿಸಿ ಸುಮ್ಮನಾಗಲಿಲ್ಲ, ಅಪ್ರದಕ್ಷಿಣೆಯಾಗಿ ಬರುತ್ತಿದ್ದ ಒಬ್ಬೊಬ್ಬರನ್ನೂ ತಡೆದು ನಿಲ್ಲಿಸಿ ವಿವರಿಸಿದರು. ಅವರಲ್ಲೊಬ್ಬರು ನಿವೃತ್ತ ಪೊಲೀಸ್ ಅಧಿಕಾರಿ. ಕೆರೆಯ ಅಧ್ಯಾಯ ಅಲ್ಲಿಗೆ ಮುಗಿಯಿತು.

ಆಮೇಲೆ ನಗೆಕೂಟ. 1995ರಲ್ಲಿ ಮುಂಬಯಿಯ ಡಾಕ್ಟರ್ ಮದನ್ ಕಟಾರಿಯಾ ಒಂದು ಉದ್ಯಾನದಲ್ಲಿ ಬೆರಳೆಣಿಕೆಯ ಜನರನ್ನು ಸೇರಿಸಿಕೊಂಡು ಶುರುಮಾಡಿದ್ದು, ಈಗ ದೇಶದೇಶಗಳಲ್ಲಿ ನಡೆಯುತ್ತಿದೆ. ಮೊದಮೊದಲು ಜೋಕು ಹೇಳಿಯೇ ನಗುತ್ತಿದ್ದರಂತೆ. ಜೋಕಿನ ದಾಸ್ತಾನು ಖಾಲಿಯಾದ ಮೇಲೆ ಕಾರಣವೇ ಇಲ್ಲದೆ ನಗುವ ವಿಧಾನ ಬಂತು. ನಮ್ಮ ಪಾರ್ಕಿನಲ್ಲಿ ಅದು ಬಲು ಚೆನ್ನಾಗಿ ನಡೆಯುತ್ತಿತ್ತು, ಕಾರ್ಯದರ್ಶಿ ಸ್ಥಾನಕ್ಕೆ ಇಬ್ಬರು ಹುರಿಯಾಳುಗಳು ಎದ್ದು ನಿಲ್ಲುವವರೆಗೆ. ಒಬ್ಬರು ಶಾಂತಮೂರ್ತಿ. ಇನ್ನೊಬ್ಬರು ವಿದ್ಯುತ್ ಇಲಾಖೆಯಲ್ಲಿದ್ದವರು. ಮುಂದಿನ ಒಂದು ತಿಂಗಳು ಎರಡು ಬಣಗಳೂ ಒಂದೇ ಹುಲ್ಲಿನ ಮೇಲೆ, ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಂತು, ಕೈ ಮೇಲೆತ್ತಿ ಹೋ ಹೋ ಹಾ ಹಾ ಹಾ ಎಂದು ನಕ್ಕವು. ಅಷ್ಟು ಕೋಪದ ನಗುವನ್ನು ನಾನು ಬಯಲಾಟದ ರಾಕ್ಷಸ ವೇಷದಲ್ಲೂ ಕೇಳಿಲ್ಲ. ಕೊನೆಗೆ ಶಾಂತಮೂರ್ತಿಗಳು ಮೂರು ಪುಟದ ರಾಜೀನಾಮೆ ಪತ್ರ ಬರೆದು, ಅದರ ಒಂದು ಪ್ರತಿಯನ್ನು ಪಾರ್ಕಿನ ಗೇಟಿಗೆ ಅಂಟಿಸಿ, ನಗುವನ್ನು ಬಿಟ್ಟರು.

ಯೋಗವನ್ನು ಅವರು ಮುಟ್ಟಲಿಲ್ಲ. ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ಊರು ನಮ್ಮದು. ಅವರ ಶಿಷ್ಯ ಪಟ್ಟಾಭಿ ಜೋಯಿಸರಿಂದಾಗಿ ಇವತ್ತಿಗೂ ಗೋಕುಲಂ ಕಡೆ ಹೋದರೆ ಹೆಗಲಿಗೆ ಚಾಪೆ ಸುರುಳಿ ನೇತುಹಾಕಿಕೊಂಡ ವಿದೇಶಿಯರು ಎಳನೀರು ಕುಡಿಯುತ್ತ ನಿಂತಿರುತ್ತಾರೆ. ‘ಅವರೆಲ್ಲ ಅಷ್ಟು ದೂರದಿಂದ ಬರ್ತಾರೆ ಅಂದಮೇಲೆ ಶಾಂತಿ ಅನ್ನೋದು ಮನೆ ಹತ್ತಿರ ಸಿಗೋ ವಸ್ತು ಅಲ್ಲ ಅಂತಾಯ್ತಲ್ಲ’ ಎಂದು ಶಾಂತಮೂರ್ತಿಗಳ ತರ್ಕ. ಮಂಡಿ ನೋವು ಎಂದು ಅವರ ಮನೆಯವರು ಹೇಳುತ್ತಾರೆ.

ಮನೆಯವರ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಬೀದಿಗೆಲ್ಲ ಅವರು ಅಕ್ಕ. ಕಡಿಮೆ ಮಾತು, ಆಡಿದ್ದು ಮಾತ್ರ ಬೀದಿಯಲ್ಲಿ ಒಂದು ವಾರ ಓಡಾಡುತ್ತದೆ.

ನಡುವೆ ಒಂದು ವರ್ಷ ರಮಣ ಮಹರ್ಷಿಗಳ ಕಾಲ. 1896ರಲ್ಲಿ ಹದಿನಾರರ ಹುಡುಗ ಮನೆ ಬಿಟ್ಟು ತಿರುವಣ್ಣಾಮಲೆಗೆ ಹೋಗಿ ಕೂತವನು ಆಮೇಲೆ ಆ ಊರು ಬಿಟ್ಟು ಕದಲಲಿಲ್ಲ. ಜಗತ್ತಿಗೆ ಅವರು ಕೊಟ್ಟ ಪ್ರಶ್ನೆ ಒಂದೇ: ನಾನು ಯಾರು? ಶಾಂತಮೂರ್ತಿಗಳು ಆ ಪ್ರಶ್ನೆಯನ್ನು ಹಿಡಿದುಕೊಂಡರು. ಈ ದೇಹ ನಾನಲ್ಲ, ಈ ಹೆಸರು ನಾನಲ್ಲ, ಈ ಹುದ್ದೆ ನಾನಲ್ಲ ಎಂದು ಜಗಲಿಯ ಮೇಲೆ ಕೂತು ಒಂದೊಂದನ್ನೇ ಕಳಚುತ್ತ ಬಂದರು; ಅಕ್ಟೋಬರ್ ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ಏನೂ ಉಳಿದಿರಲಿಲ್ಲ. ಅಷ್ಟರಲ್ಲಿ ನವೆಂಬರ್ ಬಂತು. ನವೆಂಬರ್ ಬಂದರೆ ಪಿಂಚಣಿದಾರರೆಲ್ಲ ತಾವು ಬದುಕಿದ್ದೇವೆ ಎಂದು ಪ್ರಮಾಣಪತ್ರ ಸಲ್ಲಿಸಬೇಕು. ಕೌಂಟರಿನ ಹುಡುಗಿ ಬೆರಳಚ್ಚಿನ ಯಂತ್ರವನ್ನು ಮುಂದೆ ತಳ್ಳಿದಳು. ಹೆಬ್ಬೆರಳು ಇಟ್ಟರು, ಕೆಂಪು ದೀಪ. ತೋರುಬೆರಳು, ಕೆಂಪು. ಒರೆಸಿಕೊಂಡು, ಊದಿಕೊಂಡು, ಹಣೆಗೆ ಸ್ವಲ್ಪ ಸವರಿ ಜಿಡ್ಡು ಮಾಡಿಕೊಂಡು ಇಟ್ಟರು. ವಯಸ್ಸಾದ ಮೇಲೆ ಬೆರಳಿನ ಗೆರೆ ಸವೆಯುತ್ತದೆ, ಯಂತ್ರಕ್ಕೆ ಗುರುತು ಹತ್ತುವುದಿಲ್ಲ. ‘ಸಾರ್, ನೀವು ಯಾರು ಅಂತ ತೋರಿಸ್ತಾ ಇಲ್ಲ’ ಎಂದಳು ಹುಡುಗಿ. ಮಹರ್ಷಿಗಳ ಆಶ್ರಮದಲ್ಲಿ ಇಂಥ ಮಾತು ಕೇಳಿದ್ದರೆ ಆನಂದಬಾಷ್ಪ ಬರಬೇಕಿತ್ತು. ಇಲ್ಲಿ ಬಂದದ್ದು ಹಳೆಯ ಮ್ಯಾನೇಜರ್ ದನಿ. ‘ನಾನು ಯಾರು ಅಂತ ಗೊತ್ತೇನಮ್ಮ ನಿನಗೆ?’ ಎಂದು ಅವರು ಗುಡುಗಿದ್ದು ಹೊರಗೆ ಸ್ಕೂಟರ್ ನಿಲ್ಲಿಸುತ್ತಿದ್ದ ನನಗೂ ಕೇಳಿಸಿತು.

ಈ ಎಲ್ಲ ಕಾಲದಲ್ಲೂ ಬಿಡದೆ ನಡೆದುಬಂದ ಸಾಧನೆ ವಾಟ್ಸ್ಯಾಪಿನದು. ಬೆಳಗಿನ ಜಾವ ಐದಕ್ಕೆ ಮುಂಚೆ ಬೀದಿಯ ಅಷ್ಟೂ ಫೋನುಗಳು ಟಣ್ ಎನ್ನುತ್ತವೆ. ಕಮಲ, ಸೂರ್ಯೋದಯ, ಬೆಟ್ಟದ ಮುಂದೆ ಕೂತ ಯಾವನೋ ಗಡ್ಡದವನು, ಕೆಳಗೆ ಮೌನದ ಮಹಿಮೆ. ಹಲವು ಸಲ ಫಾರ್ವರ್ಡ್ ಆಗಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಕಳಿಸಬಹುದು ಎಂದು 2020ರಲ್ಲಿ ಆ ಕಂಪನಿಯವರು ಕಟ್ಟುಪಾಡು ಮಾಡಿದರು. ಬೇರೆಯವರಾಗಿದ್ದರೆ ಕೈಬಿಡುತ್ತಿದ್ದರು. ಶಾಂತಮೂರ್ತಿಗಳು ಚಾಪೆ ಹಾಸಿ, ಬೆನ್ನು ನೆಟ್ಟಗೆ ಮಾಡಿ ಕೂತು, ಒಂದು ಹೆಸರು ಒತ್ತು, ಕಳಿಸು, ಇನ್ನೊಂದು ಹೆಸರು ಒತ್ತು, ಕಳಿಸು ಎಂದು ನೂರೆಂಟು ಜನರಿಗೆ ಮುಟ್ಟಿಸುತ್ತಾರೆ. ಜಪಮಾಲೆ ತಿರುಗಿಸಿದ್ದರೂ ಇಷ್ಟೇ ಏಕಾಗ್ರತೆ ಬೇಕಾಗುತ್ತಿತ್ತು ಎಂದು ಅಕ್ಕ ಒಪ್ಪಿಕೊಂಡಿದ್ದಾರೆ.

ಮೌನದ ಮಹಿಮೆ ಕಳಿಸಿ ಕಳಿಸಿ ತಾವೂ ಒಂದು ದಿನ ಮೌನ ಹಿಡಿಯಬೇಕೆನಿಸಿತು. ಗಾಂಧೀಜಿ ಸೋಮವಾರ ಮೌನವಿರುತ್ತಿದ್ದರು ಎಂದು ಎಲ್ಲೋ ಓದಿ, ಸೋಮವಾರವನ್ನೇ ಇವರೂ ಆರಿಸಿಕೊಂಡರು. ದೇಶ ವಿಭಜನೆಯ ಯೋಜನೆಯ ಬಗ್ಗೆ ಮೌಂಟ್‌ಬ್ಯಾಟನ್ ಮಾತಾಡಲು ಕರೆದ ದಿನ, 1947ರ ಜೂನ್ 2, ಸೋಮವಾರವಾಗಿತ್ತು. ಗಾಂಧೀಜಿ ಬಾಯಿ ಬಿಡಲಿಲ್ಲ. ಹಳೆಯ ಲಕೋಟೆಗಳ ಹಿಂಬದಿಯಲ್ಲಿ ಬರೆದು ತೋರಿಸಿದರು. ಶಾಂತಮೂರ್ತಿಗಳೂ ಹಳೆಯ ಲಕೋಟೆಗಳನ್ನು ಒಟ್ಟು ಮಾಡಿಟ್ಟುಕೊಂಡರು. ಮೊದಲ ಸೋಮವಾರದ ಲಕೋಟೆಗಳನ್ನು ಅಕ್ಕ ನನ್ನ ಹೆಂಡತಿಗೆ ತೋರಿಸಿದರು. ‘ಉಪ್ಪಿಟ್ಟಿಗೆ ಉಪ್ಪು ಕಮ್ಮಿ.’ ‘ನಿನ್ನೆಯ ಪೇಪರ್ ಎಲ್ಲಿ?’ ‘ಫ್ಯಾನ್ ಎರಡರಲ್ಲಿ ಇಡು.’ ‘ಫ್ಯಾನ್ ಮೂರರಲ್ಲಿ ಇಡು.’ ‘ಯಾರು ಫೋನ್ ಮಾಡಿದ್ದು? ಏನಂತೆ? ನೀನೇನಂದೆ?’ ಕೊನೆಯದರ ಕೆಳಗೆ ಎರಡು ಗೆರೆ ಎಳೆದಿತ್ತು. ಮಾತಾಡುವ ದಿನ ಅಡುಗೆಮನೆಯಿಂದಲೇ ಹೂಂ ಎಂದರೆ ಸಾಕಿತ್ತು. ಮೌನದ ದಿನ ಪ್ರತಿಸಲ ಒಲೆ ಆರಿಸಿ, ಕೈ ಒರೆಸಿಕೊಂಡು, ಕನ್ನಡಕ ಹುಡುಕಿ, ಹಾಲಿಗೆ ಬಂದು ಓದಬೇಕು. ‘ವಾರದಲ್ಲಿ ಆರು ದಿನ ಮಾತಾಡ್ಲಿ ಪರವಾಗಿಲ್ಲ, ಈ ಸೋಮವಾರದ ಗಲಾಟೆ ತಡೆಯೋಕಾಗಲ್ಲ’ ಎಂದರು ಅಕ್ಕ.

ಇಷ್ಟೆಲ್ಲ ಆದಮೇಲೆ ಒಂದು ದಿನ ಅವರು ಸಣ್ಣ ಸೂಟ್‌ಕೇಸ್ ಹಿಡಿದು, ಬೆಂಗಳೂರು ಹೊರವಲಯದ ಒಂದು ವಿಪಶ್ಯನ ಶಿಬಿರಕ್ಕೆ ಹೊರಟರು. ಹತ್ತು ದಿನದ ಶಿಬಿರ. ಬೆಳಗ್ಗೆ ನಾಲ್ಕಕ್ಕೆ ಗಂಟೆ ಹೊಡೆಯುತ್ತಾರೆ, ನಾಲ್ಕೂವರೆಗೆ ಧ್ಯಾನ ಶುರು. ಫೋನು, ಪುಸ್ತಕ, ಪೆನ್ನು ಎಲ್ಲ ಹೊರಗೆ. ಮಾತಿಲ್ಲ, ಸನ್ನೆಯೂ ಕೂಡದು; ಲಕೋಟೆಗೆ ಅವಕಾಶವೇ ಇಲ್ಲ. ಹನ್ನೊಂದಕ್ಕೆ ಊಟ, ಸಂಜೆ ಐದಕ್ಕೆ ಹೊಸಬರಿಗೆ ಹಣ್ಣು, ಚಹಾ, ಅಷ್ಟೇ. ಫೀಜಿಲ್ಲ, ಮುಗಿಸಿದವರು ಇಷ್ಟವಾದರೆ ದಾನ ಕೊಡಬಹುದು. ಮಂಡಾಲೆಯಲ್ಲಿ ಹುಟ್ಟಿ ಬೆಳೆದ ಸತ್ಯನಾರಾಯಣ ಗೋಯೆಂಕಾ ಎಂಬ ವ್ಯಾಪಾರಿ ತಲೆನೋವಿಗೆ ಔಷಧ ಹುಡುಕುತ್ತ ಹೋಗಿ ಕಲಿತು, 1969ರಲ್ಲಿ ಭಾರತಕ್ಕೆ ತಂದ ಪದ್ಧತಿ. ಅವರ ಗುರು ಊ ಬಾ ಖಿನ್ ಸನ್ಯಾಸಿಯಲ್ಲ, ಸ್ವತಂತ್ರ ಬರ್ಮಾದ ಮೊದಲ ಅಕೌಂಟೆಂಟ್ ಜನರಲ್. ಶಾಂತಮೂರ್ತಿಗಳು ಸೋತದ್ದು ಈ ವಿವರಕ್ಕೆ. ‘ನೋಡಿ ಇವ್ರೇ, ನಮ್ಮ ಲೈನಿನವರು!’ ಎಂದು ನನ್ನ ಗೇಟಿನ ಮೇಲೆ ಕೈಯೂರಿ ಹೇಳಿದರು. ಲೆಕ್ಕಪತ್ರ ನೋಡಿದವರೇ ಕಡೆಗೆ ನಿರ್ವಾಣಕ್ಕೂ ಅರ್ಹರು ಎಂಬ ಭಾವ ಆ ಕಣ್ಣುಗಳಲ್ಲಿತ್ತು.

ಆ ಹತ್ತು ದಿನ ಬೀದಿ ಹೇಗಿತ್ತು ಎಂದು ಬಹಳ ಹೇಳುವುದಿಲ್ಲ. ಅಕ್ಕನ ತಂಗಿ ತೀರ್ಥಹಳ್ಳಿಯಿಂದ ಬಂದಿದ್ದರು. ಮಧ್ಯಾಹ್ನ ತಾರಸಿಯ ಮೇಲೆ ಸಂಡಿಗೆ, ರಾತ್ರಿ ಒಂಬತ್ತರವರೆಗೂ ಟೀವಿ, ನಡುನಡುವೆ ಇಬ್ಬರೂ ಸೇರಿ ನಗುವ ಸದ್ದು. ಆ ನಗುವಿಗೆ ಕಾರ್ಯದರ್ಶಿ ಇರಲಿಲ್ಲ.

ಹನ್ನೊಂದನೆಯ ದಿನ ಶಾಂತಮೂರ್ತಿಗಳು ಹಿಂದಿರುಗಿದರು. ಮುಖ ತೆಳ್ಳಗಾಗಿತ್ತು, ದನಿ ಇಳಿದಿತ್ತು, ಗೇಟನ್ನು ಕಿರ್ರೆನ್ನದ ಹಾಗೆ ತೆಗೆದರು. ಮೊದಲ ಮೂರು ದಿನ ಬರೀ ಮೂಗಿನ ತುದಿಯನ್ನು ಗಮನಿಸುವುದು, ಉಸಿರು ಒಳಗೆ ಹೋಗುವುದು, ಹೊರಗೆ ಬರುವುದು, ಅಷ್ಟನ್ನೇ ನೋಡುವುದು ಎಂದು ವಿವರಿಸಿದರು. ಅಕ್ಕ ಕಾಫಿ ಲೋಟ ಕೊಡುತ್ತ, ‘ಸರಿಯಾದ ಜಾಗವನ್ನೇ ತೋರಿಸಿದಾರೆ. ನಿಮ್ಮ ಕೋಪ ಇದ್ದದ್ದೂ ಅಲ್ಲೇ’ ಎಂದರು. ಅವರು ನಕ್ಕರು. ಮದುವೆಯಾದ ಮೇಲೆ ತಮ್ಮ ಮಾತಿಗೆ ಅವರು ಸಿಟ್ಟಾಗದೆ ನಕ್ಕದ್ದು ಅದೇ ಮೊದಲು ಎಂದು ಅಕ್ಕನಿಗೂ ಸ್ವಲ್ಪ ಗಾಬರಿಯಾಯಿತಂತೆ.

ಗಾಬರಿಗೆ ಕಾರಣ ಇನ್ನೂ ಮುಂದಿತ್ತು. ಈಗ ಅವರು ಕೋಪ ಮಾಡಿಕೊಳ್ಳುವುದಿಲ್ಲ. ಕೋಪ ಬರುವುದನ್ನು ನೋಡುತ್ತಾರೆ. ಕೆಲಸದಾಕೆ ತಡವಾಗಿ ಬಂದರೆ ಮೊದಲಾದರೆ ಒಂದು ಕೂಗು ಹಾಕಿ ಮುಗಿಸುತ್ತಿದ್ದರು. ಈಗ ಬಾಗಿಲಲ್ಲಿ ಅಡ್ಡ ನಿಂತು, ಕಣ್ಣು ಅರೆಮುಚ್ಚಿ, ‘ಒಂದು ನಿಮಿಷ ತಾಳಮ್ಮ, ನನ್ನಲ್ಲಿ ಕೋಪ ಏಳ್ತಾ ಇದೆ, ಗಮನಿಸ್ತಾ ಇದ್ದೀನಿ’ ಎನ್ನುತ್ತಾರೆ. ಅವಳು ಪೊರಕೆ ಹಿಡಿದು ಕಾಯಬೇಕು. ಕೋಪ ಎದ್ದು, ನಿಂತು, ಇಳಿಯಲು ಹತ್ತು ನಿಮಿಷವಾದರೂ ಹಿಡಿಯುತ್ತದೆ. ಬೈಸಿಕೊಂಡಿದ್ದರೆ ಅಷ್ಟರಲ್ಲಿ ಎರಡು ಕೋಣೆ ಗುಡಿಸಬಹುದಿತ್ತು ಎಂದು ಅವಳ ತಕರಾರು.

ಒಂದು ಬೆಳಿಗ್ಗೆ ಅಕ್ಕ ಒಲೆಯ ಮೇಲೆ ಹಾಲಿಟ್ಟು, ‘ರೀ, ಸ್ವಲ್ಪ ಹಾಲು ನೋಡ್ಕೊಳ್ಳಿ’ ಎಂದು ಹೇಳಿ ರಂಗೋಲಿ ಹಾಕಲು ಹೊರಗೆ ಬಂದರು. ನಾನು ಪೇಪರ್ ಎತ್ತಿಕೊಳ್ಳಲು ಗೇಟಿನ ಹತ್ತಿರ ಹೋಗಿದ್ದೆ. ಎರಡು ಚುಕ್ಕಿ ಸಾಲು ಮುಗಿದಿರಲಿಲ್ಲ, ಸೀದ ವಾಸನೆ ಬೀದಿಗೆ ಬಂತು. ಅಕ್ಕ ಓಡಿದರು. ಅಡುಗೆಮನೆಯ ಕಿಟಕಿ ನಮ್ಮ ಕಡೆಗೇ. ಶಾಂತಮೂರ್ತಿಗಳು ಒಲೆಯ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದರು. ಹಾಲು ಪಾತ್ರೆಯ ಅಂಚು ದಾಟಿ, ಒಲೆಯ ಮೇಲೆ ಹರಿದು, ಕಟ್ಟೆಯಿಂದ ಇಳಿದು, ಅವರ ಕಾಲಿನ ಹೆಬ್ಬೆರಳಿನವರೆಗೆ ಬಂದಿತ್ತು.

‘ನೋಡ್ಕೊಳ್ಳಿ ಅಂದಿದ್ನಲ್ರೀ!’

‘ನೋಡಿದೆ ಕಣೇ. ಎಷ್ಟು ಚೆನ್ನಾಗಿ ನೋಡಿದೆ ಗೊತ್ತಾ? ಮೊದಲು ಅಂಚಿನಲ್ಲಿ ಸಣ್ಣ ಗುಳ್ಳೆ ಬಂತು. ಆಮೇಲೆ ಕೆನೆ ನಡುಗಿತು. ಆಮೇಲೆ ಎದ್ದಿತು, ಉಕ್ಕಿತು, ಹೋಯಿತು. ಅನಿಚ್ಚ. ಎಲ್ಲಾ ಅನಿತ್ಯ.’

‘ಒಂದು ಲೀಟರು ಅನಿತ್ಯ’ ಎಂದರು ಅಕ್ಕ. ಆ ಮಾತನ್ನು ಈಗ ಬೀದಿಯ ಹಾಲಿನವನೂ ಆಡುತ್ತಾನೆ.

ಕ್ಷೋಭೆ ಪುಸ್ತಕ ಶುರುವಾದದ್ದು ಆ ವಾರವೇ. ಶಿಬಿರದಲ್ಲಿ ಯಾರೂ ಇಂಥದ್ದೇನೂ ಹೇಳಿಕೊಟ್ಟಿರಲಿಲ್ಲ, ಅಲ್ಲಿ ಪೆನ್ನೇ ಇರಲಿಲ್ಲವಲ್ಲ. ಇದು ಅವರ ಸ್ವಂತ ಕೊಡುಗೆ. ಬ್ಯಾಂಕಿನ ಕಾಲದ ಉದ್ದನೆಯ ಲೆಡ್ಜರ್, ಹಸಿರು ಕ್ಯಾಲಿಕೋ ರಟ್ಟು. ಒಳಗೆ ಸ್ಕೇಲಿಟ್ಟು ಎಳೆದ ಅಂಕಣಗಳು: ದಿನಾಂಕ, ವೇಳೆ, ಕ್ಷೋಭೆಯ ಸ್ವರೂಪ, ಕಾರಣಕರ್ತರು, ಕೈಗೊಂಡ ಕ್ರಮ, ಷರಾ. ಮನಸ್ಸು ಯಾವಾಗ ಯಾರಿಂದ ಕಲಕಿತು ಎಂಬುದಕ್ಕೆ ದಾಖಲೆ ಇದ್ದರೆ ತಿಂಗಳ ಕೊನೆಗೆ ವಿಶ್ಲೇಷಣೆ ಮಾಡಬಹುದಲ್ಲ. ಅಭಿಮಾನದಿಂದ ನನಗೂ ತೋರಿಸಿದರು. ‘6.10. ಎದುರು ಮನೆಯವರ ಸ್ಕೂಟರ್ ಕಿಕ್ ಶಬ್ದ. ಕೈಗೊಂಡ ಕ್ರಮ: ಗಮನಿಸಲಾಯಿತು. ಷರಾ: ಸೆಲ್ಫ್ ಸ್ಟಾರ್ಟ್ ರಿಪೇರಿ ಮಾಡಿಸಬಾರದೇ?’ ಎದುರು ಮನೆಯವನು ನಾನೇ. ಇನ್ನೂ ಎರಡು ಪುಟ ತಿರುವಿದೆ. ಕಾರಣಕರ್ತರ ಅಂಕಣದಲ್ಲಿ ಸೊಪ್ಪಿನವಳು, ಕೊರಿಯರ್ ಹುಡುಗ, ಕೋಗಿಲೆ, ಮೇಲಿನ ಮನೆ ಮಗು, ಅಮೆರಿಕದ ಮಗ, ಪ್ರಧಾನಿ, ಹಿಂದಿನ ಪ್ರಧಾನಿ, ಪಕ್ಕದ ಮನೆಯ ಒಗ್ಗರಣೆ ವಾಸನೆ, ಎಲ್ಲರೂ ಇದ್ದರು. ಇಡೀ ಸೃಷ್ಟಿಯಲ್ಲಿ ಹೆಸರಿಲ್ಲದವರು ಬರೆದವರೊಬ್ಬರೇ. ಸಹಿ ಹಾಕುವ ಅಧಿಕಾರಿ ತಾನೇ ಆರೋಪಿಯಾಗುವ ಪದ್ಧತಿ ಯಾವ ಶಾಖೆಯಲ್ಲೂ ಇಲ್ಲವಷ್ಟೆ.

ಪುಸ್ತಕದಲ್ಲಿ ಅತಿ ಹೆಚ್ಚು ಸಲ ಬಂದ ಆರೋಪಿ ಪ್ರೆಷರ್ ಕುಕ್ಕರ್. ಶಬ್ದ ಮಾಲಿನ್ಯದ ಬಗ್ಗೆ ಕೇಂದ್ರ ಸರ್ಕಾರ 2000ದಲ್ಲಿ ಮಾಡಿದ ನಿಯಮಗಳನ್ನು ಅವರು ಎಲ್ಲಿಂದಲೋ ತೆಗೆದು ಓದಿದ್ದರು. ವಾಸದ ಬಡಾವಣೆಯಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45. ಮೊಬೈಲಿಗೆ ಸದ್ದು ಅಳೆಯುವ ಆಪ್ ಹಾಕಿಕೊಂಡು, ಅಡುಗೆಮನೆಯ ಬಾಗಿಲಲ್ಲಿ ನಿಂತು, ವಿಶಲ್ಲಿಗೆ ಹಿಡಿದರು. ಮುಳ್ಳು ಎಂಬತ್ತನ್ನು ಮುಟ್ಟಿ ಬಂತು.

‘ಇದು ಕಾನೂನಿಗೆ ವಿರುದ್ಧ ಕಣೇ.’

‘ಹುಳಿ ಬೇಕಾ, ಕಾನೂನು ಬೇಕಾ?’

ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸುವ ಪ್ರಯೋಗವೂ ಆಯಿತು. ಒಂದು ಗಂಟೆ ಕುದಿಸಿದ ಮೇಲೆ ಶಾಂತಮೂರ್ತಿಗಳು ಕಾಗದ ಪೆನ್ಸಿಲ್ ತೆಗೆದುಕೊಂಡು, ಹೀಗಾದರೆ ಒಂದು ಸಿಲಿಂಡರ್ ಎಷ್ಟು ದಿನ ಬಂದೀತೆಂದು ಲೆಕ್ಕ ಹಾಕಿ, ಕುಕ್ಕರಿಗೆ ಕ್ಷಮಾದಾನ ಕೊಟ್ಟರು. ಆದರೆ ವೇಳಾಪಟ್ಟಿ ಮಾಡಿದರು. ಬೆಳಗ್ಗೆ ಐದರಿಂದ ಆರು, ಸಂಜೆ ಆರರಿಂದ ಏಳು ಅವರು ಕಣ್ಣು ಮುಚ್ಚಿ ಕೂರುವ ಹೊತ್ತು. ಆಗ ಮನೆಯಲ್ಲಿ ಸದ್ದಾಗಕೂಡದು. ಚಟ್ನಿಯನ್ನು ಹಿಂದಿನ ರಾತ್ರಿಯೇ ರುಬ್ಬಿ ಫ್ರಿಜ್ಜಿನಲ್ಲಿಡುವುದು. ಪಂಪ್ ಹಾಕುವುದು ನಾಲ್ಕೂ ಮುಕ್ಕಾಲಿಗೆ. ಹಾಲಿನವನು ಬೆಲ್ ಒತ್ತಬಾರದು, ಅಕ್ಕ ಗೇಟಿನಲ್ಲಿ ಕಾದು ನಿಂತಿರಬೇಕು. ಪಾತ್ರೆಯನ್ನು ಸದ್ದಿಲ್ಲದೆ ತೊಳೆಯಬೇಕೆಂದು ಕೆಲಸದಾಕೆಗೆ ಹೇಳಿದಾಗ ಅವಳು ಸಂಬಳಕ್ಕೆ ಇನ್ನೂರು ಸೇರಿಸಿ ಕೇಳಿದಳು. ಸದ್ದು ಮಾಡಿದರೆ ಅರ್ಧ ಗಂಟೆಯ ಕೆಲಸ, ಮಾಡದಿದ್ದರೆ ಮುಕ್ಕಾಲು ಗಂಟೆ, ನ್ಯಾಯವಾದ ಬೇಡಿಕೆ. ಆ ಮನೆಯಲ್ಲಿ ಶಾಂತಿಗೆ ನಗದಾಗಿ ಬೆಲೆ ಕಟ್ಟಿದವಳು ಅವಳೊಬ್ಬಳೇ. ಅಕ್ಕ ನಾಲ್ಕಕ್ಕೆ ಏಳಲು ಶುರುಮಾಡಿದ್ದಕ್ಕೆ ಯಾವ ಅಂಕಣದಲ್ಲೂ ನಮೂದಿಲ್ಲ. ಒಬ್ಬರು ಒಂದು ಗಂಟೆ ಸುಮ್ಮನೆ ಕೂರಲು ಮನೆಯ ಉಳಿದವರು ಎಷ್ಟು ಹೊತ್ತು ಓಡಾಡಬೇಕು ಎಂಬ ಲೆಕ್ಕವನ್ನು ನಮ್ಮ ದೇಶದಲ್ಲಿ ಬಹಳ ಕಾಲದಿಂದ ಯಾರೂ ಹಾಕಿದ ಹಾಗಿಲ್ಲ. ಋಷಿಪತ್ನಿಯರನ್ನು ಕೇಳಿದ್ದರೆ ತಿಳಿಯುತ್ತಿತ್ತು.

ಹಾಗೆಂದು ಅವರು ಕೆಟ್ಟವರು ಎಂದು ಯಾರೂ ತಿಳಿಯಬೇಡಿ. ಬೀದಿಯ ಕೊನೆಯ ಮನೆಯ ಅಜ್ಜಿಗೆ ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಬರಬೇಕಿತ್ತು; ಮರಣ ಪ್ರಮಾಣಪತ್ರದಲ್ಲಿ ಒಂದು ಹೆಸರು, ಪಾಸ್‌ಪುಸ್ತಕದಲ್ಲಿ ಇನ್ನೊಂದು, ಆಧಾರಿನಲ್ಲಿ ಮೂರನೆಯದು. ಶಾಂತಮೂರ್ತಿಗಳು ಆ ಕಡತವನ್ನು ಕಂಕುಳಲ್ಲಿ ಇಟ್ಟುಕೊಂಡು ಕಚೇರಿಯಿಂದ ಕಚೇರಿಗೆ ಅಲೆದರು. ಅಫಿಡವಿಟ್ ಬರೆಸಿದರು, ಸರದಿಯಲ್ಲಿ ನಿಂತರು, ‘ನಾಳೆ ಬನ್ನಿ’ ಎಂದವರ ಮುಂದೆ ನಾಳೆಯೂ ಹೋಗಿ ನಿಂತರು. ಆ ದಿನಗಳಲ್ಲಿ ಅವರ ಹಣೆಯಲ್ಲಿ ಒಂದು ಗೆರೆಯೂ ಇರಲಿಲ್ಲ, ಶಿಳ್ಳೆ ಹಾಕುತ್ತ ಗೇಟು ತೆಗೆಯುತ್ತಿದ್ದರು. ಅದನ್ನು ಅವರಿಗೆ ಹೇಳಿದರೆ ನಂಬುವುದಿಲ್ಲ. ಅದು ಬೇರೆ ವಿಷಯ, ಅದು ಬರೀ ಪೇಪರ್ ವರ್ಕು ಎನ್ನುತ್ತಾರೆ.

ಈಗ ಇತ್ತೀಚಿನ ಸುದ್ದಿ. ಶಾಂತಮೂರ್ತಿಗಳು ಹೋದಲ್ಲೆಲ್ಲ ಶಿಬಿರದ ಕಷ್ಟವನ್ನು ವರ್ಣಿಸುತ್ತಿದ್ದರು. ನಮ್ಮ ಮನೆಯಲ್ಲೂ ಒಂದು ಸಂಜೆ, ಅಕ್ಕನ ಎದುರಿಗೇ, ಎಂಥ ಕಠಿಣ ತಪಸ್ಸು ಅದು, ಸಾಮಾನ್ಯರಿಗೆ ಆಗುವಂಥದ್ದಲ್ಲ ಎಂದು ಹೇಳುತ್ತಿದ್ದರು. ಅಕ್ಕ ನಡುವೆ ಬಾಯಿ ಹಾಕಿದರು.

‘ಅಲ್ಲಿ ಅಡುಗೆ ಯಾರು ಮಾಡ್ತಾರೆ?’

‘ಅಡುಗೆಗೆ ಜನ ಇರ್ತಾರೆ ಕಣೇ. ಅದಲ್ಲ ಮುಖ್ಯ...’

‘ಬಡಿಸೋದು?’

‘ಅವರೇ ಇಟ್ಟಿರ್ತಾರೆ, ನಾವು ಹಾಕ್ಕೊಳ್ಳೋದು. ತಿಂದ ತಟ್ಟೆ ಮಾತ್ರ ನಾವು ತೊಳೀಬೇಕು.’

‘ನಮ್ಮ ತಟ್ಟೆ ಒಂದೇ ಏನು?’

‘ಒಂದೇ.’

‘ಯಾರೂ ಕರೆಯೋ ಹಾಗಿಲ್ಲ, ಏನೂ ಕೇಳೋ ಹಾಗಿಲ್ಲ?’

‘ಆರ್ಯ ಮೌನ ಅಂದರೆ ಅದೇ.’

‘ಹತ್ತು ದಿನ?’

‘ಹತ್ತು ದಿನ.’

ಅಕ್ಕ ಸ್ವಲ್ಪ ಹೊತ್ತು ಕಾಫಿ ಲೋಟವನ್ನೇ ನೋಡುತ್ತ ಕೂತರು. ‘ಬಾಣಂತನಕ್ಕೆ ತವರಿಗೆ ಹೋದಾಗಲೂ ನನಗೆ ಇಷ್ಟು ಸುಖ ಸಿಕ್ಕಿರಲಿಲ್ಲ’ ಎಂದರು. ಮರುದಿನ ನನ್ನ ಮಗಳನ್ನು ಕರೆದು ಅರ್ಜಿ ತುಂಬಿಸಿದರು. ಮುಂದಿನ ತಿಂಗಳ ಶಿಬಿರದಲ್ಲಿ ಹೆಂಗಸರ ಕಡೆ ಜಾಗ ಸಿಕ್ಕಿಯೂಬಿಟ್ಟಿತು. ಸಾಮಾನ್ಯರಿಗೆ ಆಗುವಂಥದ್ದಲ್ಲ ಎಂದು ಶಾಂತಮೂರ್ತಿಗಳು ಬಸ್‌ಸ್ಟ್ಯಾಂಡಿನವರೆಗೂ ಹೇಳುತ್ತ ಹೋದರು.

ಅಕ್ಕ ಹೋದ ಮರುದಿನವೇ ಕೆಲಸದಾಕೆ ಊರಹಬ್ಬಕ್ಕೆಂದು ನಂಜನಗೂಡಿಗೆ ಹೋದಳು. ಇದರಲ್ಲಿ ಒಳಸಂಚು ಇತ್ತು ಎಂದು ಕೆಲವರ ಗುಮಾನಿ, ನಾನು ಏನೂ ಹೇಳಲಾರೆ. ಹೋಟೆಲ್ ಊಟ ಎರಡು ದಿನ ನಡೆಯಿತು, ಮೂರನೆಯ ದಿನ ಹೊಟ್ಟೆ ಕೈಕೊಟ್ಟಿತು. ಅವತ್ತು ಬೆಳಿಗ್ಗೆ ಐದೂವರೆಗೆ, ಅವರ ಧ್ಯಾನದ ಹೊತ್ತಿನಲ್ಲಿ, ನಮ್ಮ ಗೇಟು ಬಡಿದ ಸದ್ದಾಯಿತು. ಪಂಚೆ ಎತ್ತಿ ಕಟ್ಟಿಕೊಂಡು ನಿಂತಿದ್ದರು.

‘ಇವ್ರೇ, ತೊಗರಿಬೇಳೆಗೆ ಎಷ್ಟು ವಿಶಲ್?’

ಒಳಗಿನಿಂದ ನನ್ನ ಹೆಂಡತಿ ಮೂರು ಎಂದಳು. ಬೇಳೆ ಹಳೆಯದಾದರೆ ನಾಲ್ಕು. ನೀರು ಎಷ್ಟು, ಅರಿಸಿನ ಮೊದಲೋ ಆಮೇಲೋ, ಗ್ಯಾಸ್ಕೆಟ್ ಯಾವ ಕಡೆ ಕೂರಬೇಕು ಎಂಬ ಪ್ರಶ್ನೆಗಳು ಹಿಂದೆಯೇ ಬಂದವು. ಅರ್ಧ ಗಂಟೆಯ ನಂತರ ಬೀದಿಗೆಲ್ಲ ಕೇಳುವ ಹಾಗೆ ವಿಶಲ್ ಶುರುವಾಯಿತು. ನಾವೆಲ್ಲ ಎಣಿಸಿದೆವು. ಮೂರು ಆಯಿತು, ನಾಲ್ಕು ಆಯಿತು, ಏಳಾಯಿತು. ಆಮೇಲೆ ವಿಶಲ್ ನಿಂತು ಹೊಗೆ ಬಂತು. ಅವರು ಹಿತ್ತಿಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದರು.

ವಾರದ ಕೊನೆಗೆ ಏನೋ ಕಾರಣಕ್ಕೆ ಅವರ ಮನೆಗೆ ಹೋದಾಗ ಟೀಪಾಯಿಯ ಮೇಲೆ ಹಸಿರು ಲೆಡ್ಜರ್ ಇತ್ತು. ಬೇಸರಕ್ಕೆ ತೆರೆದೆ. ಅಕ್ಕ ಹೋದ ದಿನದ ನಂತರ ಒಂದು ನಮೂದೂ ಇರಲಿಲ್ಲ. ಕೇಳಿದೆ. ‘ಬರೆಯೋಕೆ ಎಲ್ಲಿದೆ ಇವ್ರೇ ಪುರಸೊತ್ತು!’ ಎಂದು ಅಡುಗೆಮನೆಯಿಂದಲೇ ಕೂಗಿದರು. ಪುಟದ ನಡುವೆ ಒಂದು ಹಳೆಯ ಲಕೋಟೆ ಸಿಕ್ಕಿಸಿತ್ತು. ಅದರ ಮೇಲೆ: ಸೊಪ್ಪು, ಎಣ್ಣೆ, ಪಾತ್ರೆ ಸೋಪು, ಗ್ಯಾಸ್ ಬುಕ್ ಮಾಡಬೇಕು.

ಅಕ್ಕ ಬಂದರು. ಬೀದಿಯ ಹೆಂಗಸರೆಲ್ಲ ಗೇಟಿನಲ್ಲೇ ಸುತ್ತಿಕೊಂಡು ಏನು ಅನುಭವವಾಯಿತು, ಬೆಳಕು ಕಂಡಿತೇ ಎಂದು ಕೇಳಿದರು. ‘ಊಟ ಚೆನ್ನಾಗಿತ್ತು. ನಿದ್ದೆ ಚೆನ್ನಾಗಿ ಬಂತು. ಕಾಲು ಮಾತ್ರ ಜೋಮು ಹಿಡಿಯೋದು’ ಎಂದರು. ಚೀಲ ಇಳಿಸಿ ಒಳಗೆ ಹೋದವರು ಕುಕ್ಕರನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ತಳದಲ್ಲಿ ಬೇಳೆ ಕರಿಬಂಡೆಯಾಗಿ ಕೂತಿತ್ತು. ಶಾಂತಮೂರ್ತಿಗಳು ಫ್ರಿಜ್ಜಿನ ಪಕ್ಕಕ್ಕೆ ಸರಿದು ನಿಂತು, ‘ಕೋಪ ಬಂತೇನೇ?’ ಎಂದರು.

‘ಬಂತು. ನೋಡ್ತಾ ಇದ್ದೀನಿ’ ಎಂದರು ಅಕ್ಕ. ಅರೆ ನಿಮಿಷ ಕಣ್ಣು ಮುಚ್ಚಿದರು, ತೆಗೆದರು. ಆಮೇಲೆ ಸಿಂಕಿನ ಕೆಳಗಿನಿಂದ ಸಬೀನದ ಡಬ್ಬಿಯನ್ನೂ ಸ್ಟೀಲ್ ನಾರನ್ನೂ ತೆಗೆದು ಗಂಡನ ಕೈಗೆ ಕೊಟ್ಟು, ‘ಇದೂ ಅನಿತ್ಯವೇ ರೀ, ಆದರೆ ತಾನಾಗಿ ಹೋಗಲ್ಲ’ ಎಂದು ಹೇಳಿ, ಸ್ನಾನಕ್ಕೆ ನಡೆದರು. ನಾಳೆಯಿಂದ ಸಂಜೆ ಆರರಿಂದ ಏಳು ತಾವು ಕೂರುವ ಹೊತ್ತು, ಆಗ ಸದ್ದಾಗಕೂಡದು ಎಂಬ ಮಾತು ಬಚ್ಚಲಮನೆಯ ಬಾಗಿಲಿನಿಂದ ಬಂತು.

ಕಿಟಕಿಯಲ್ಲಿ ಶಾಂತಮೂರ್ತಿಗಳ ಬೆನ್ನು ಕಾಣುತ್ತಿತ್ತು. ಕರಕರ ಉಜ್ಜುವ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. ಎಷ್ಟು ಡೆಸಿಬೆಲ್ಲೋ ಗೊತ್ತಿಲ್ಲ, ಅಳೆಯು‌ವವರ ಎರಡೂ ಕೈ ನೊರೆಯಲ್ಲಿದ್ದವು.